‘ಪರ್ಫಾರ್ಮೆನ್ಸ್ ಮೆಟ್ರಿಕ್’: ಮಾನದಂಡವೇ, ಸೂಚಕವೇ, ಬರಿಯ ಅಳತೆಯೇ?

ಬಳಗದವರಿಗೆ ನಮಸ್ಕಾರ.

ಸಂಸ್ಥೆಯ ಚಿತ್ರ, ವಿಡಿಯೊ, ಲಾಂಛನ, ವಿನ್ಯಾಸದ ಕಡತಗಳನ್ನೆಲ್ಲ ಒಂದೆಡೆ ಇಟ್ಟು ನಿರ್ವಹಿಸುವ ವ್ಯವಸ್ಥೆಯಿಂದ ಏನು ಪ್ರಯೋಜನವಾಗಿದೆ ಎಂದು ಅಂಕಿಗಳಲ್ಲಿ ತೋರಿಸುವ ಟಿಪ್ಪಣಿ ಬರೆಯುತ್ತಿದ್ದೇನೆ. ಕೆಲಸ ಎಷ್ಟರಮಟ್ಟಿಗೆ ಆಗಿದೆ ಎಂದು ತೋರಿಸುವ ಅಂಕಿಗೆ ಇಂಗ್ಲಿಷಿನಲ್ಲಿ ಹೇಳುವ ‘ಪರ್ಫಾರ್ಮೆನ್ಸ್ ಮೆಟ್ರಿಕ್’ ಬಂದಲ್ಲೆಲ್ಲ, ಕನ್ನಡದಲ್ಲಿ ಏನೆನ್ನಲಿ ಎಂದು ಕೈ ತಡೆಯುತ್ತಿದೆ.

‘ಕಾರ್ಯಕ್ಷಮತೆಯ ಮಾನದಂಡ’ ಎಂಬ ಸಿದ್ಧರೂಪದ ಎರಡೂ ಪದಗಳ ಮೇಲೆ ನನ್ನ ತಕರಾರಿದೆ. ಕ್ಷಮತೆ ಎಂದರೆ ಮಾಡಬಲ್ಲ ಶಕ್ತಿ. ಇಲ್ಲಿ ಲೆಕ್ಕ ಹಾಕುವುದು ಮಾಡಿದ ಕೆಲಸವನ್ನು. ಮಾನದಂಡವೋ, ಇಷ್ಟಿದ್ದರೆ ಸರಿ ಎಂದು ಮೊದಲೇ ಗೊತ್ತುಮಾಡಿದ ಮಟ್ಟ. ‘ಸೂಚ್ಯಂಕ’ವೂ ಒಗ್ಗದು; ಬೆಲೆ ಸೂಚ್ಯಂಕದಂತೆ ಹಲವು ಅಂಕಿಗಳಿಂದ ಹಿಂಡಿ ತೆಗೆದ ಒಂದು ಅಂಕಿ ಅದು. ‘ಮೆಟ್ರಿಕ್’ ಎಂದೇ ಬಿಟ್ಟರೆ ಹತ್ತನೇ ತರಗತಿ ನೆನಪಾಗುತ್ತದೆ!

ಕಡತಗಳು ಎಷ್ಟಿವೆ, ಎಷ್ಟು ಡೌನ್‌ಲೋಡ್ ಆದವು ಎಂಬುದು ಬರಿಯ ಎಣಿಕೆ. ಡೌನ್‌ಲೋಡ್ ಏರಿತೆಂದು ಹಿಗ್ಗುವಂತೆಯೂ ಇಲ್ಲ. ಬೇಕೆಂದಾಗ ಮತ್ತೆ ಸಿಕ್ಕೀತೆಂಬ ನಂಬಿಕೆ ಇಲ್ಲದವರು ಎಲ್ಲವನ್ನೂ ತಮ್ಮ ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳುತ್ತಿರಬಹುದು. ಪ್ರಯೋಜನದ ಸುಳಿವು ಕೊಡುವ ಅಂಕಿಗಳೇ ಬೇರೆ: ಹುಡುಕಿದ್ದು ಎಷ್ಟು ಹೊತ್ತಿಗೆ ಸಿಕ್ಕಿತು, ಇದ್ದ ಚಿತ್ರವನ್ನೇ ಬಳಸಿದ್ದರಿಂದ ಎಷ್ಟು ಚಿತ್ರೀಕರಣದ ಖರ್ಚು ಉಳಿಯಿತು, ಎಷ್ಟು ಹುಡುಕಾಟ ಬರಿಗೈಯಲ್ಲಿ ಮುಗಿಯಿತು. ಈ ಕೊನೆಯದು ಪದಗಳ ಹುಚ್ಚು ಇರುವ ನಮಗೆ ರುಚಿಸುವಂಥದ್ದು. ಬಳಕೆದಾರ ‘ಉದ್ಘಾಟನೆ’ ಎಂದು ಟೈಪ್ ಮಾಡುತ್ತಾನೆ. ಹುಡುಕಲು ನೆರವಾಗಲೆಂದು ಚಿತ್ರಕ್ಕೆ ಹಚ್ಚಿದ ಟ್ಯಾಗ್, ಅಂದರೆ ಗುರುತಿನ ಪದ, ‘ಪ್ರಾರಂಭೋತ್ಸವ’. ಫಲಿತಾಂಶ 0. ಚಿತ್ರ ಅಲ್ಲೇ ಇದೆ, ಆದರೆ ಇಲ್ಲವೆಂದುಕೊಂಡು ಅಂಥದ್ದನ್ನೇ ಮತ್ತೆ ಮಾಡಿಸುತ್ತಾರೆ. ಸಮಾನಾರ್ಥಕ ಪದಗಳನ್ನು ಜೋಡಿಸಿದ ಮೇಲೆ ಇಂಥ ಸೊನ್ನೆಗಳು ಇಳಿದರೆ, ಟ್ಯಾಗ್ ಹಚ್ಚಲು ಕುಳಿತವರ ಸಂಬಳಕ್ಕೆ ಅದಕ್ಕಿಂತ ಒಳ್ಳೆಯ ಸಮರ್ಥನೆ ಬೇಡ.

ಹಾಗಾಗಿ ಮೊದಲ ಬಗೆಗೆ ‘ಎಣಿಕೆ’, ಎರಡನೆಯದಕ್ಕೆ ‘ಸೂಚಕ’, ಎರಡನ್ನೂ ಒಳಗೊಂಡು ‘ಕೆಲಸದ ಅಳತೆಗಳು’ ಎಂದು ಬರೆದರೆ ಹೇಗೆ? ‘ಅಳತೆ’ ಎಂದೊಡನೆ ಉದ್ದಗಲವೆಂದೇ ತಿಳಿದಾರೆಂಬ ಅಳುಕು ಇದೆ. ‘ಸಾಧನಾ ಸೂಚಕ’ ಸರ್ಕಾರಿ ಸುತ್ತೋಲೆಯಂತೆ ಕೇಳುತ್ತದೆ.

ಈ ಕಡತಗಳನ್ನು ಒಟ್ಟಾಗಿ ‘ಡಿಜಿಟಲ್ ಆಸ್ತಿ’ ಎಂದರೆ ಕ್ರಿಪ್ಟೊ ಕರೆನ್ಸಿ ಎಂದು ಓದುವವರಿರುವುದರಿಂದ ‘ಡಿಜಿಟಲ್ ಸ್ವತ್ತು’ ಎಂದಿಟ್ಟಿದ್ದೇನೆ. ಅದು ಇತ್ಯರ್ಥವಾಯಿತು ಅನ್ನಿ. ‘ಮರುಬಳಕೆ ಪ್ರಮಾಣ’ ಮಾತ್ರ ಕಾಡುತ್ತಿದೆ, ಆ ಪದ ಪ್ಲಾಸ್ಟಿಕ್ಕಿನ ಪಾಲಾಗಿಬಿಟ್ಟಿದೆ. ಒಂದೇ ಚಿತ್ರವನ್ನು ಹಲವು ಕಡೆ ಬಳಸಿದ್ದನ್ನು ಹೇಳಲು ನಿಮ್ಮಲ್ಲಿ ಯಾರಾದರೂ ಬೇರೆ ಪದ ಬಳಸಿದ್ದೀರಾ?