ಅಸ್ಟೋರಿಯಾದ ‘ಗೂನೀಸ್’ ಮನೆ ನೋಡಲು ಹೋಗಬಹುದಾ?

ಪ್ರಶ್ನೆ:
ಮುಂದಿನ ತಿಂಗಳು ಅಮೆರಿಕದ ಆರೆಗಾನ್ ಕರಾವಳಿಗೆ ಹೊರಟಿದ್ದೇವೆ. ಮಗನಿಗೆ 1985ರ ಹಾಲಿವುಡ್ ಸಿನಿಮಾ ‘ದಿ ಗೂನೀಸ್’ ಅಂದ್ರೆ ಪ್ರಾಣ. ಅಲ್ಲಿನ ಅಸ್ಟೋರಿಯಾ ಊರಿನಲ್ಲಿ ಸಿನಿಮಾದಲ್ಲಿ ತೋರಿಸಿದ ಮನೆ ಇನ್ನೂ ಇದೆಯಂತೆ. ಆದರೆ ಜನ ವಾಸ ಮಾಡುವ ಮನೆ ಅಲ್ವಾ? ಹೊರಗೆ ನಿಂತು ಫೋಟೋ ತೆಗೆದರೂ ಕಿರಿಕಿರಿ ಆಗುತ್ತದಾ?

ಉತ್ತರ 1:
ಆಗುತ್ತದೆ, ಜಾಸ್ತಿಯೇ ಆಗುತ್ತದೆ. 2015ರಲ್ಲಿ ಜನ ಮುಗಿಬಿದ್ದು, ಆಗಿನ ಮಾಲೀಕರು ಬೇಸತ್ತು ಮನೆಗೆ ನೀಲಿ ಟಾರ್ಪಾಲ್ ಹೊದಿಸಿದ್ದರು! ಆಮೇಲೆ ಮನೆ ಬೇರೆಯವರ ಕೈ ಸೇರಿದೆ. ಆದರೆ ಮೇಲೆ ಹೋಗುವ ಕಡಿದಾದ ದಾರಿ ಅಕ್ಕಪಕ್ಕದವರದ್ದೂ ಹೌದು. ಮಾಲೀಕರು ಒಪ್ಪಿದರೂ ಪಕ್ಕದ ಮನೆಯವರು ಯಾಕೆ ಸಹಿಸಬೇಕು? ಕಾರು ದೂರದಲ್ಲಿ ಬಿಟ್ಟು ನಡೆದು ಹೋಗಿ. ‘ಬರಬೇಡಿ’ ಅಂತ ಬೋರ್ಡು ಹಾಕಿದ್ದರೆ ಅಲ್ಲಿಂದಲೇ ವಾಪಸ್. ಬಾಗಿಲು ತಟ್ಟುವುದು, ಕಿಟಕಿ ಕಡೆ ಕ್ಯಾಮೆರಾ ತಿರುಗಿಸುವುದು ಬೇಡವೇ ಬೇಡ. ಡ್ರೋನ್ ಅಂತೂ ಮನೆಯಲ್ಲೇ ಬಿಟ್ಟು ಬನ್ನಿ.

ಉತ್ತರ 2:
ಮಗನಿಗೆ ಹಳೇ ಜೈಲು ತೋರಿಸಿ. ಸಿನಿಮಾದ ಶುರುವಿನಲ್ಲಿ ಬರುವ ಜೈಲು ಅದೇ. ಈಗ ಅಲ್ಲಿ ಆರೆಗಾನ್ ಫಿಲ್ಮ್ ಮ್ಯೂಸಿಯಂ ಇದೆ. ಟಿಕೆಟ್ ತಗೊಂಡು ಹೋಗುವ ಜಾಗ, ಯಾರಿಗೂ ಸಂಕೋಚವಿಲ್ಲ. ನನ್ನ ಪ್ರಕಾರ ಮನೆಗಿಂತ ಇದೇ ವಾಸಿ.

ಉತ್ತರ 3:
ಕ್ಯಾನನ್ ಬೀಚಿನ ಹೇಸ್ಟ್ಯಾಕ್ ರಾಕ್ ಎಂಬ ದೊಡ್ಡ ಬಂಡೆ ಕೂಡ ಅದೇ ಸಿನಿಮಾದಲ್ಲಿದೆ. ನೀರು ಇಳಿದಾಗ ಹತ್ತಿರ ನಡೆದು ಹೋಗಬಹುದು, ಬಂಡೆ ಹತ್ತುವಂತಿಲ್ಲ. ಬೇಸಿಗೆಯಲ್ಲಿ ಪಫಿನ್ ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಕಲ್ಲಿಗೆ ಅಂಟಿದ ಜೀವಿಗಳನ್ನು ತುಳಿಯದೆ ಮರಳಿನ ಮೇಲೆ ನಡೆಯಿರಿ.

ಪ್ರಶ್ನೆ ಕೇಳಿದವರು:
ಸರಿ, ಜೈಲು ಮತ್ತು ಬೀಚು ಪಕ್ಕಾ. ಮನೆಯನ್ನು ಕೆಳಗಿನ ರಸ್ತೆಯಿಂದ ಕಂಡಷ್ಟು ನೋಡುತ್ತೇವೆ.