ಪದಚರ್ಚೆ: ಪ್ರೊಜೆಕ್ಟರ್ ಚಿತ್ರೀಕರಣದ ‘ಫ್ಲಿಕರ್’ಗೆ ಏನನ್ನೋಣ?

ಪ್ರಶ್ನೆ (ಬೀದರ್):
ಬಿದರಿ ಹೂಜಿ, ಹುಕ್ಕಾದ ಬುಡ ಇಂಥವುಗಳ ಮೇಲೆ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್ಪಿನಿಂದ ಬೆಳಕು ಬೀರುವ) ಪ್ರೊಜೆಕ್ಟರ್‌ನಿಂದ ಗೆರೆಗಳನ್ನು ಬೀಳಿಸಿ, ಕ್ಯಾಮೆರಾದಲ್ಲಿ ಹಿಡಿದು, 3ಡಿ ಮಾದರಿ ಮಾಡುವ ಕೈಪಿಡಿ ಬರೆಯುತ್ತಿದ್ದೇವೆ. ಹಾಗೆ ತೆಗೆದ ಚಿತ್ರದಲ್ಲಿ ಬೆಳಕು ಏರಿಳಿದಂತೆ ಕಾಣುವ ‘ಫ್ಲಿಕರ್’ಗೆ ‘ಮಿನುಗು’ ಎನ್ನೋಣವೆಂದರೆ ಬೆಳ್ಳಿಯ ಹೊಳಪಿಗೂ ಅದೇ ಪದ ಬಳಸಿಬಿಟ್ಟಿದ್ದೇವೆ. ‘ಕಂಪನ’ ಎಂದರೆ ಸ್ಟ್ಯಾಂಡ್ ಅಲುಗಿತು ಅಂತ ತಿಳಿಯುತ್ತಾರೆ. ಏನು ಬರೀಬೇಕ್ರಿ?

ಉತ್ತರ (ಕಲಬುರಗಿ):
‘ಮಿನುಗು’ ಬೇಡ್ರಿ, ಅದು ಚೆಂದದ ಮಾತು. ನೀವು ಕೇಳಿದ್ದು ಒಂದು ಪದ, ಆದರೆ ಕಾಣುವ ದೋಷ ಎರಡು. ಇಡೀ ಚಿತ್ರ ಒಮ್ಮೆ ಬೆಳ್ಳಗೆ, ಒಮ್ಮೆ ಮಂಕಾಗಿ ಬಂದರೆ ‘ಮಿಣುಕು’. ಅಡ್ಡಡ್ಡ ಕಪ್ಪು ಪಟ್ಟಿ ಚಿತ್ರದ ಮೇಲೆ ಹರಿದರೆ ಇಲ್ಲಿನ ಹುಡುಗರು ‘ಪಟ್ಟಿ ಓಡ್ಲಕತ್ತದ’ ಅಂತಾರೆ. ‘ಓಡುಪಟ್ಟಿ’ ಎಂದೇ ಬರೆಯಿರಿ. ರೋಲಿಂಗ್ ಶಟರ್ ಕ್ಯಾಮೆರಾ ಸಾಲುಸಾಲಾಗಿ ಓದುವುದರಿಂದ ಪಟ್ಟಿ ಮೂಡುತ್ತದೆ. ಇಡೀ ಚಿತ್ರವನ್ನು ಒಟ್ಟಿಗೇ ಹಿಡಿಯುವ ಗ್ಲೋಬಲ್ ಶಟರ್‌ನಲ್ಲಿ ಅದೇ ದೋಷ ಮಿಣುಕಾಗುತ್ತದೆ.

ಇದರ ಬೇರು ಪ್ರೊಜೆಕ್ಟರ್‌ನಲ್ಲಿದೆ. ಡಿಎಲ್‌ಪಿ ಚಿಪ್ಪಿನ ಪುಟ್ಟ ಕನ್ನಡಿಗಳಿಗೆ ಬೂದು ಗೊತ್ತಿಲ್ಲ. ಆನ್, ಇಲ್ಲವೇ ಆಫ್. 8 ಬಿಟ್ ಬೂದು (ಕಪ್ಪಿನಿಂದ ಬಿಳಿಯವರೆಗೆ 256 ಹಂತ) ಅಂದರೆ ಒಂದು ಫ್ರೇಮಿನೊಳಗೆ ಕನ್ನಡಿ ಎಷ್ಟು ಹೊತ್ತು ಆನ್ ಇತ್ತು ಎಂಬ ಲೆಕ್ಕ, ಅಷ್ಟೆ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.67 ಮಿಲಿಸೆಕೆಂಡ್. ಶಟರ್ (ಕ್ಯಾಮೆರಾ ಬೆಳಕು ಪಡೆಯುವ ಹೊತ್ತು) 1/100 ಸೆಕೆಂಡಿಗೆ ಇಟ್ಟರೆ 10 ಮಿಲಿಸೆಕೆಂಡಷ್ಟೇ ಸಿಕ್ಕು ಲೆಕ್ಕ ನಡುವೆಯೇ ಕಡಿದುಹೋಗುತ್ತದೆ. ಮೊಬೈಲಿನ ‘50 ಹರ್ಟ್ಸ್’ ಸೆಟ್ಟಿಂಗ್ ಟ್ಯೂಬ್‌ಲೈಟಿಗೆ ಮದ್ದು, ಪ್ರೊಜೆಕ್ಟರಿಗಲ್ಲ.

ಕೈಪಿಡಿಯಲ್ಲಿ ಶಟರ್ 1/20 ಎಂದು ಕೊಡಿ. ಆ 50 ಮಿಲಿಸೆಕೆಂಡಿನಲ್ಲಿ ಪ್ರೊಜೆಕ್ಟರಿನ 3 ಫ್ರೇಮ್ ಪೂರ್ತಿ ಬರುತ್ತವೆ. ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿಡಿಯುವ ಹಳೇ ಟ್ಯೂಬ್‌ಲೈಟಿನ 5 ಮಿಡಿತವೂ ಪೂರ್ತಿ ಸಿಗುತ್ತವೆ. (ಲೈಟ್ ಆರಿಸುವುದೇ ಮೇಲು, ಗೆರೆಗಳು ತಿಳಿಯಾಗಿ ಕಾಣುತ್ತವೆ.) ಒಂದೊಂದು ಗೆರೆಚಿತ್ರವನ್ನೂ 12 ಫ್ರೇಮ್, ಅಂದರೆ 200 ಮಿಲಿಸೆಕೆಂಡ್ ನಿಲ್ಲಿಸಿ, ನಡುವಿನಲ್ಲಿ ತೆಗೆಯಿರಿ. ತುದಿಗೆ ತೆಗೆದರೆ ಹಿಂದಿನ ಚಿತ್ರದ ಗೆರೆ ಇದರೊಳಗೆ ಬೆರೆಯುತ್ತದೆ.

ಬಿದರಿಯಲ್ಲಿ ಎಡವುವುದು ಇನ್ನೊಂದು ಕಡೆ. ಕೋಟೆಯ ಮಣ್ಣಿನಲ್ಲಿ ಕಪ್ಪಾದ ಸತುವಿನ ಮೈ ಬೆಳಕು ನುಂಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಕಣ್ಣು ಕುಕ್ಕುತ್ತದೆ. ಬೆಳ್ಳಿ ಬೆಳ್ಳಗೆ ಸುಟ್ಟುಹೋಯಿತೆಂದು 1/200ಕ್ಕೆ ಹೋಗುತ್ತಾರೆ. ಅಲ್ಲಿಂದ ಓಡುಪಟ್ಟಿ ಶುರು. ಶಟರ್ ಮುಟ್ಟದೆ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/8ಕ್ಕೋ ಎಫ್/11ಕ್ಕೋ ಇಳಿಸಿ, ಸಾಲದಿದ್ದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಕಪ್ಪು ಭಾಗಕ್ಕೆ 1/10ರಲ್ಲಿ ಇನ್ನೊಂದು ಸುತ್ತು ತೆಗೆದು ಆಮೇಲೆ ಎರಡನ್ನೂ ಕೂಡಿಸಿ. ಆಟೋ ಎಕ್ಸ್‌ಪೋಶರ್, ಚಿತ್ರಕ್ಕೆ ತಕ್ಕಂತೆ ತಾನೇ ಬೆಳಕು ಬದಲಿಸುವ ಪ್ರೊಜೆಕ್ಟರಿನ ಡೈನಮಿಕ್ ಕಾಂಟ್ರಾಸ್ಟ್ ಎರಡೂ ಆಫ್ ಇರಲಿ. ಇವೂ ಮಿಣುಕು ತರುತ್ತವೆ, ಆದರೆ ನಿಧಾನಕ್ಕೆ.

ವಿಡಿಯೊ ತೆಗೆಯುವವರಿಗೆ ಮೂರನೆಯ ಪದವೊಂದು ಬೇಕಾದೀತು: ‘ನಿಂತಪಟ್ಟಿ’. ಪಟ್ಟಿ ಕದಲದೆ ನಿಂತರೆ ಕ್ಯಾಮೆರಾ, ಪ್ರೊಜೆಕ್ಟರುಗಳ ವೇಗ ಹೊಂದಿದೆ, ಶಟರ್ ಮಾತ್ರ ತಪ್ಪಿದೆ. ಸುಮಾರು 17 ಸೆಕೆಂಡಿಗೊಮ್ಮೆ ತೆವಳಿಕೊಂಡು ಮತ್ತೆ ಅಲ್ಲಿಗೇ ಬಂದರೆ ಕ್ಯಾಮೆರಾ ಸೆಕೆಂಡಿಗೆ 29.97 ಫ್ರೇಮಿನಲ್ಲಿದೆ, ಪ್ರೊಜೆಕ್ಟರ್ ಸರಿಯಾಗಿ 60ರಲ್ಲಿದೆ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 29.97ರ ಇಮ್ಮಡಿಯಾದ 59.94 ಆರಿಸಿ. ‘ಟ್ರಿಗರ್’ (ಕ್ಯಾಮೆರಾಗೆ ‘ಈಗ ತೆಗೆ’ ಎನ್ನುವ ಸಂಕೇತ), ‘ಶಟರ್’ಗಳಿಗೆ ಪದ ಹುಡುಕುತ್ತ ಕೂಡಬೇಡಿ, ಹಾಗೇ ಬಿಡಿ.