ಸಹಾಯ ಬೇಕು: ಸಾರ್ಡೀನಿಯಾದಲ್ಲಿ ಯಾಟ್ ಪ್ರವಾಸ, ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಲ್ಲಿ ಒಂದು ವಾರ ಇಟಲಿಯ ಸಾರ್ಡೀನಿಯಾ ದ್ವೀಪದ ಉತ್ತರ ಭಾಗದಲ್ಲಿ ಯಾಟ್ ಬಾಡಿಗೆಗೆ ತಗೊಂಡು ಸುತ್ತಬೇಕು ಅಂತಿದ್ದೇವೆ. ನಾವು ನಾಲ್ವರು, ಜೊತೆಗೆ ಉಡುಪಿಯಿಂದ ಬರುವ ಅಮ್ಮ. ಯಾರಿಗೂ ದೋಣಿ ನಡೆಸಲು ಬರುವುದಿಲ್ಲ, ಸ್ಕಿಪ್ಪರ್ ಬೇಕೇ ಬೇಕು.

ಓಲ್ಬಿಯಾ ಕಡೆಯಿಂದ ಹೊರಟು ಲಾ ಮದ್ದಲೇನಾ ದ್ವೀಪಗಳನ್ನು ನೋಡುವುದು ನಮ್ಮ ಯೋಚನೆ. ಅವುಗಳಲ್ಲೊಂದಾದ ಬುದೆಲ್ಲಿಯ ಗುಲಾಬಿ ಮರಳಿನ ದಡಕ್ಕೆ ಇಳಿಯುವಂತಿಲ್ಲ, ಗೊತ್ತು. ಜನ ಮರಳು ಹೊತ್ತುಕೊಂಡು ಹೋಗ್ತಿದ್ದರಲ್ವಾ, ಮುಚ್ಚಿದ್ದೇ ಒಳ್ಳೆಯದಾಯಿತು. ದೂರದಿಂದ ನೋಡಿದರೂ ಸಾಕು.

ನನ್ನ ಚಿಂತೆ ಸಾರ್ಡೀನಿಯಾಕ್ಕೂ ಫ್ರಾನ್ಸಿನ ಕಾರ್ಸಿಕಾ ದ್ವೀಪಕ್ಕೂ ನಡುವಿನ ಬೊನಿಫಾಚೊ ಜಲಸಂಧಿಯದ್ದು. ಅಗಲ ಸುಮಾರು 11 ಕಿ.ಮೀ. ಅಷ್ಟೇ, ಆದರೆ ವಾಯವ್ಯದಿಂದ ಬೀಸುವ ಮಿಸ್ತ್ರಾಲ್ ಗಾಳಿ ಎದ್ದರೆ ಅಲೆ ಜೋರಂತೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗ ಅಮ್ಮ ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಾ ನನ್ನ ಕೈ ಬಿಡಲೇ ಇಲ್ಲ. ಇಳಿದ ಮೇಲೆ ಮಾತ್ರ, "ಇನ್ನೊಂದ್ಸಲ ಹೋಗುವ" ಅಂದರು. ಆ ಆಸೆ ತೀರಿಸಬೇಕು.

ಹೋಗಿ ಬಂದವರು ದಯವಿಟ್ಟು ಹೇಳಿ: ಅಮ್ಮನಂಥವರಿಗೆ ಜಲಸಂಧಿ ದಾಟಿ ಕಾರ್ಸಿಕಾಕ್ಕೆ ಹೋಗುವುದು ಬೇಡವಾ? ಎರಡು ಹಲ್ (ದೋಣಿಯ ಒಡಲು) ಇರುವ ಕ್ಯಾಟಮರಾನ್ ಕಡಿಮೆ ಅಲುಗಾಡುತ್ತದಾ? ಲಾ ಮದ್ದಲೇನಾ ರಾಷ್ಟ್ರೀಯ ಉದ್ಯಾನದ ಪರವಾನಗಿ ಬಾಡಿಗೆಯವರೇ ಮಾಡಿಸುತ್ತಾರಾ? ಗ್ಯಾಸ್ ಒಲೆಯಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಿದವರಿದ್ದರೆ ಅದನ್ನೂ ತಿಳಿಸಿ.